ರೆಕ್ಕಿ ಮ್ಯಾಲಿನ ಹೆಸರು

ನಗಬ್ಯಾಡ ಸುಲ್ತಾನ. ಖರೇನೇ ಹೇಳತೀನಿ, ಔಡಲೆಣ್ಣಿನೇ ಹಚ್ಚಬೇಕು. ಚಿಮಣಿ ಎಣ್ಣಿ ಹಚ್ಚಿದರ ರಬ್ಬರ ಒಂದ ದಿನದಾಗ ಮೆತ್ತಗಾಗಿ ಹರೀತದ. ಔಡಲೆಣ್ಣಿ ಹಚ್ಚಿ ತಿಕ್ಕಿದ್ಯೋ, ಎಷ್ಟ ಹುರಿ ಹಾಕಿದರೂ ಒಂದಕ್ಕೊಂದು ಕಚ್ಚಂಗಿಲ್ಲ. ಬಾಣಂತಿ ಹೊಟ್ಟಿಗೆ ಅಷ್ಟ ಅಲ್ಲಪಾ, ಆಟದ ವಿಮಾನಕ್ಕೂ ಬೇಕು ಔಡಲೆಣ್ಣಿ... ಏನಂದಿ? ಜಗದೇವಪ್ಪ ಮಾಸ್ತರಗ ರಿಟೈರ್ ಆದ ಮ್ಯಾಲ ತಲಿ ಕೆಟ್ಟದ ಅಂತೀ? ಅನ್ನು. ಮನ್ಯಾಗ ಭಾಗಮ್ಮ ದಿನಾ ಅಂತಾಳ. ಮೂವತ್ತು ವರ್ಷ ಶಹಾಪುರದ ಸಾಲ್ಯಾಗ ಭಿನ್ನರಾಶಿ ಹೇಳಿ ಕೆಡದ ತಲಿ, ಸೈಕಲ್ ಟ್ಯೂಬ್ ಕತ್ತರಿಸಿದರ ಕೆಡತದೇನು?

ಚಮನಬೀ, ತಂಗಿ, ಆ ಸಂದೂಕ ಕಟ್ಟೋದು ಒಂದೀಟು ನಿಲ್ಲಸು. ಬಂಡಿ ಬರೋದು ನಾಳೆ ನಸಿಕಿನ್ಯಾಗ. ಯಾದಗಿರಿ ಸ್ಟೇಶನ್ ಎಲ್ಲಿಗೂ ಓಡಿ ಹೋಗಂಗಿಲ್ಲ, ಹೈದರಾಬಾದಿನಾಗ ನಿನ್ನ ಅಣ್ಣನೂ ಓಡಿ ಹೋಗಂಗಿಲ್ಲ. ಈ ಒಂದು ಮಧ್ಯಾಹ್ನ ನನಗ ಕೊಡ್ರಿ. ಸಂಜಿಗೆ ಗಾಳಿ ನಿಂತಾಗ ಕೆರಿ ಹಿಂದಿನ ಬಯಲಿಗೆ ಹೋಗೋಣ, ಹಾರಸೋಣ. ಆಮ್ಯಾಲ ನಿಮ್ಮ ಮನಸು.

ಕುಂದರು ಸುಲ್ತಾನ. ನಿಂತ ಮನಷ್ಯಾಗ ಪಾಠ ಹೇಳಾಕ ನನಗ ಬರಂಗಿಲ್ಲ.

ಯಾಕ ಬಂದೆ ಅಂದ್ರ, ನೀ ಊರು ಬಿಡಬಾರದು, ಅದಕ್ಕ ಬಂದೆ. ನಿನ್ನ ಗಾಳಿಪಟದ ಅಂಗಡಿ ನಡೀವಲ್ದು, ನನಗ ಗೊತ್ತದ. ಜೇಲಿನ ಒಳಗಿದ್ದು ಬಂದವನ ಪತಂಗ ನಮಗ್ಯಾಕ ಅಂತ ಮಂದಿ ಮಾರಿ ತಿರಗಸ್ತಾರ, ಅದೂ ಗೊತ್ತದ. ಪತಂಗ ಬಿಡು. ವಿಮಾನ ಮಾಡು. ಸುರಪುರ, ಯಾದಗಿರಿ, ಎಲ್ಲಾ ಸಾಲಿ ಮಾಸ್ತರಗೂ ನಾ ಚೀಟಿ ಬರದು ಕೊಡತೀನಿ. ಬಿದರ ಸೀಳಾಕ, ಕಾಗದ ಬಿಗಿಯಾಕ ನಿನ್ನಂಥಾ ಕೈ ಈ ಮೂರು ತಾಲೂಕಿನಾಗ ಯಾರದ ಅದ ಹೇಳು... ಹೂಂ? ಆ ಬೆರಳು ಮೊದಲಿನಂಗ ಮಡಚಂಗಿಲ್ಲ ಅಂತೀ? ಎಲ್ಲಿ, ನೋಡೋಣ. ... ಹೋಗ್ಲಿ ಬಿಡು. ನಾಕು ಬೆರಳಿನಾಗ ಮಾಡಿದರಾತು. ನಾ ಹಿಡಕೋತೀನಿ, ನೀ ಅಂಟಸು.

ಎಲ್ಲಿ ಕಲ್ತೆ ಅಂದ್ರ... ಲಡಾಯಿ ನಡದಾಗ ಸಿಕಂದರಾಬಾದಿಗೆ ಟ್ರೇನಿಂಗಿಗೆ ಹೋಗಿದ್ದೆ ನೋಡು. ಮೈದಾನದಾಗ ಒಬ್ಬ ಗೋರಾ ಸಿಪಾಯಿ, ಕೈಯಾಗ ಇಷ್ಟುದ್ದ ವಿಮಾನ ಹಿಡದು ಬೆರಳಿನಿಂದ ಪಂಖಾ ತಿರುವತಿದ್ದ. ತಿರುವಿದ, ತಿರುವಿದ, ಬಿಟ್ಟ. ಸುಲ್ತಾನ, ದಾರ ಇಲ್ಲ. ಪತಂಗಕ್ಕರ ದಾರ ಇರತದ, ಜಗ್ಗಿದರ ನಿನ್ನ ಮಾತು ಕೇಳತದ. ಇದಕ್ಕ ಏನೂ ಇಲ್ಲ. ಕೈ ಬಿಟ್ಟ ಮ್ಯಾಲ ಅದು ನಿಂದಲ್ಲ. ನಾ ಬಿಸಲಾಗ ಬಾಯಿ ತಕ್ಕೊಂಡು ನಿಂತೆ, ಟ್ರೇನಿಂಗಿನ ಮೊದಲನೇ ಪಾಠ ಅಲ್ಲೇ ತಪ್ಪಿತು. ಬರುವಾಗ ಫೂಟಪಾತಿನ ರದ್ದಿಯೊಳಗ ಈ ಪುಸ್ತಕ ಸಿಕ್ಕಿತು. ಇಂಗ್ಲೀಷ್. ಪುಟ ಪುಟಕ್ಕ ಚಿತ್ರ ಅವ, ನೋಡು. ಅವತ್ತಿಂದ ಮನಸಿನ್ಯಾಗಿತ್ತು, ಮಾಡೋದು ಇದ ಮೊದಲನೇ ಸಲ.

ಹಿಡಿ. ಬೆನ್ನೆಲುಬಿಗೆ ಬಿದರು, ಯಾಕಂದ್ರ ರಬ್ಬರ ಜಗ್ಗತದ, ತಡೀಬೇಕು. ರೆಕ್ಕಿ ಪಕ್ಕೆಲುಬಿಗೆ ಜೋಳದ ದಂಟಿನ ಬೆಂಡು. ಪುಸ್ತಕದಾಗ ಯಾವುದೋ ಪರದೇಶದ ಹಗರ ಕಟ್ಟಿಗಿ ಹೇಳ್ಯಾರ. ನಮ್ಮ ಬಳಿಚಕ್ರದ ಹೊಲದ ದಂಟು ಸುಲದು ನೋಡಿದ್ರ ಆ ಗೋರಾನೂ ಹೌಹಾರಿರತಿದ್ದ. ಪಂಖಾ ಹಾಲವಾಣದ ಕಟ್ಟಿಗೀದು, ನಾನೇ ಕೆತ್ತೀನಿ. ಕೊಕ್ಕಿಗೆ ಛತ್ರಿ ಕಡ್ಡಿ. ಪಂಖಾ ಸಲೀಸ ತಿರಗಾಕ ನಡುವ ಒಂದು ಗಾಜಿನ ಮಣಿ, ಭಾಗಮ್ಮನ ಪೆಟ್ಟಿಗ್ಯಾಗಿಂದು. ಕೇಳಿ ತಂದಿಲ್ಲ. ನೀನೂ ಹೇಳಬ್ಯಾಡ.

ಜ್ವಾಕಿ, ಜ್ವಾಕಿ. ಆ ಮೂರನೇ ಪಕ್ಕೆಲುಬಿನ ಹತ್ತರ ಒತ್ತಬ್ಯಾಡ, ಅಲ್ಲೇ ಮುರೀತದ. ನನಗ ಎರಡ ಸಲ ಮುರೀತು... ಯಾವಾಗ? ಯಾವಾಗಂದ್ರ... ಮೊನ್ನೆ. ಮೊನ್ನೆ ಮನ್ಯಾಗ ಸುಮ್ಮನ ಮಾಡಿ ನೋಡಿದ್ದೆ. ಮೊದಲನೇ ಸಲ ಅಂದ್ರ ಪೂರಾ ಮಾಡೋದು ಮೊದಲನೇ ಸಲ ಅಂದೆ. ನೀ ಏನಪಾ, ವಕೀಲರಂಗ ಕೇಳ್ತಿ.

ಕಾಗದ ತಗೀ. ಹಸರು ಬ್ಯಾಡ. ಕೆಂಪು ತಗೀ, ಹಳದಿ ತಗೀ. ಹಸರು ಬ್ಯಾಡ ಅಂದೆನಲ್ಲ... ಯಾಕಂದ್ರ, ಹೊಲದಾಗ ಬಿದ್ದರ ಕಾಣಂಗಿಲ್ಲ. ಅಷ್ಟ. ಹಂಗ್ಯಾಕ ನೋಡ್ತಿ?

ಶಾಭಾಸ್. ಏನು ಬಿಗದಿ, ಏನು ಬಿಗದಿ. ಮ್ಯಾಲ ಒಂದೂ ಸುರಕಿಲ್ಲ. ಈಗ ರೆಕ್ಕಿ ಎರಡೂ ತುದಿ ಎರಡು ಬೆರಳು ಮ್ಯಾಲ ಎತ್ತು, ಹಾರುವಾಗ ವಾಲಿದರೂ ತಾನೇ ಸರಿ ಆಗ್ತದ. ಇನ್ನ ರೆಕ್ಕಿ ಕೆಳಗ ಎರಡು ಬೆರಳಿಟ್ಟು ತೂಗು. ಮೂಗು ಕೆಳಗ ಹೋಗ್ಯದ? ರೆಕ್ಕಿ ಎಳ್ಳಿನಷ್ಟು ಮುಂದ ಜರಗಸು. ಸಾಕು. ಮೊದಲು ರಬ್ಬರ ತಿರುವದ ಹಂಗೇ ಬಿಡಬೇಕು, ಹುಲ್ಲಿನ ಮ್ಯಾಲ, ಮೆತ್ತಗ. ನೆಟ್ಟಗ ಇಳದ್ರ ಐವತ್ತು ಸುತ್ತು. ಆಮ್ಯಾಲ ನೂರು. ಹೊಸಬರು ಮಾಡೋ ತಪ್ಪಂದ್ರ ಒಂದ, ಮೊದಲನೇ ದಿನನೇ ಮುನ್ನೂರು ತಿರುವತಾರ. ತಡಕೊಳ್ಳಾಕ ಆಗಂಗಿಲ್ಲ.

ಇನ್ನೊಂದು, ನಡು ಮಧ್ಯಾಹ್ನ ಹಾರಸಬಾರದು. ಕಾದ ಹೊಲದ ಮ್ಯಾಲಿಂದ ಗಾಳಿ ಏಳತದ. ಹದ್ದು ರೆಕ್ಕಿ ಬಡೀದ ಸುತ್ತು ಹಾಕತಾವಲ್ಲ, ಅಲ್ಲಿ ಸಿಕ್ಕರ ಮುಗೀತು. ರಬ್ಬರ ತೀರಿದರೂ ಇಳಿಯಂಗಿಲ್ಲ. ಪಂಖಾ ನಿಂತದ, ಅದು ಮಾತ್ರ ಏರಕೊಂತ ಹೋಗತದ. ಅಂಗೈಯಷ್ಟಾತು, ಬೆರಳಷ್ಟಾತು, ಚುಕ್ಕಿ ಆತು. ಏನು ಹೇಳಲಿ ಸುಲ್ತಾನ? ನಗೂನೂ ಬರತದ, ಅಳೂನೂ ಬರತದ. ನಾ ಧೋತರ ಎತ್ತಿ ಕಟ್ಟಿ ಓಡಿದೆ, ಓಡಿದೆ, ಅದು ಗುಡ್ಡ ದಾಟಿ ಗೋಗಿ ಹಳ್ಳಿ ದಿಕ್ಕಿಗೆ...

ಗೋಗಿ ಅಂದ್ನೇನು? ಯಾವುದೋ ದಿಕ್ಕಿಗೆ ಅಂತ ಹೇಳಾಕ ಹೋದೆ. ಪುಸ್ತಕದಾಗಿಂದು ಹೇಳಾಕತ್ತಿದ್ದೆ.

... ಕೆಲಸ ಯಾಕ ನಿಲ್ಲಸಿದಿ?

ಆತಪಾ. ಆ ಮಾತು ನೀ ತಗೀವಲ್ಲಿ, ನಾನೇ ತಗೀತೀನಿ. ಚಮನಬೀ ಒಳಗಿದ್ದಾಳ, ಸಣ್ಣಗ ಮಾತಾಡೋಣ. ಗೋಗಿಯಾಗ ಸಿಕ್ಕದ್ದು ಇಂಥಾದ್ದೇ ಅಂತ ನನಗೀಗ ಅನಸ್ತದ. ಈಗ. ಅವತ್ತು ಅನಸಲಿಲ್ಲ. ಅವತ್ತು ಯಾರಿಗೆ ಏನು ತಿಳೀತಿತ್ತು? ಪೋಲೀಸ್ ಆಕ್ಷನ್ ಆಗಿ ಇಪ್ಪತ್ತು ದಿನ ಆಗಿದ್ದಿಲ್ಲ. ಖರೇ ವಿಮಾನ ತಲಿ ಮ್ಯಾಲ ಹೋದರ ಮಂದಿ ಜೋಳ ತುಂಬೋ ಹಗೇವಿನ ಕುಣಿಯಾಗ ಇಳೀತಿದ್ರು. ಅಂಥಾದ್ರಾಗ ಆ ಕುರುಬರ ಅಮೋಘಸಿದ್ದನ ಕುರಿ ನಡುವ ಮ್ಯಾಲಿಂದ ಹಸರು ರೆಕ್ಕೀದು ಬಂದು ಬಿದ್ದರ ಅವರೇನು ಮಾಡ್ಯಾರು? ಕಂಬಳಿಯಾಗ ಸುತ್ತಿ ಚಾವಡಿಗೆ ತಂದ್ರು. ರೆಕ್ಕಿ ಮ್ಯಾಲ ಉರ್ದು ಬರದದ. ಹೊರಗಿಂದ ಬಂದ ಸಾಹೇಬಗ ಉರ್ದು ಬರಂಗಿಲ್ಲ. ಇದು ರಜಾಕಾರರ ಇಶಾರೆ ಅಂತ ಯಾವನೋ ಅಂದ. ಈ ಹಸರು ಕಾಗದ ಎಲ್ಲಿ ಸಿಗತದ ಅಂತ ಕೇಳಿದ್ರು. ನಿನ್ನ ಅಂಗಡ್ಯಾಗ. ನಿನ್ನ ಕರಕೊಂಡು ಬಂದ್ರು.

ಹೂಂ. ಹೂಂ. ನನ್ನೂ ಕರದ್ರು. ಊರಾಗ ಉರ್ದು ಬಲ್ಲವರೆಲ್ಲಾ ಬಾಗಲಾ ಹಾಕ್ಕೊಂಡು ಕೂತಿದ್ರು, ಬರತದ ಅಂತ ಒಪ್ಪಾಕ ಯಾರಿಗೂ ಧೈರ್ಯ ಇರಲಿಲ್ಲ. ಮಾಸ್ತರ ಹೈದರಾಬಾದಿನ ಕಾಲೇಜ ಕಲ್ತವರು, ಓದತಾರ ಅಂದ್ರು. ಸಾಹೇಬ ಆ ರೆಕ್ಕಿ ನನ್ನ ಮುಂದ ಇಟ್ಟ. ನಾ... ಇಬ್ಬನಿಗೆ ನೆಂದಿತ್ತು ಸುಲ್ತಾನ. ಮಸಿ ಹರಡಿತ್ತು. ಓದಾಕ ಬರಂಗಿಲ್ಲರಿ ಅಂದೆ. ಅಷ್ಟ ಅಂದೆ. ನಿನ್ನ ಹೆಸರು ನಾ ಎತ್ತಲಿಲ್ಲ, ಎತ್ತಿದ್ನೇನು? ಆಮ್ಯಾಲ ಸಾಹೇಬ ನಿನ್ನ ಕೇಳಿದ, ನಿನಗ ಓದಾಕ ಬರತದೇನು ಅಂತ. ನೀ ನನ್ನ ಮಾರಿ ನೋಡಿದಿ, ತಲಿ ಅಲ್ಲಾಡಿಸಿದಿ, ಹೆಬ್ಬೆಟ್ಟು ಒತ್ತಿದಿ. ಜೀಪಿನ್ಯಾಗ ಹತ್ತಿದಿ.

ಒಂದು ವರ್ಷ ನಾಕು ತಿಂಗಳ.

ನಾ ಸುಮ್ಮನ ಕೂತಿಲ್ಲ ಮತ್ತ. ಚಮನಬೀ ನಮ್ಮ ಮನಿ ಕಟ್ಟಿ ಮ್ಯಾಲ ಬಂದು ಕೂತಾಗೆಲ್ಲಾ ಅರ್ಜಿ ಬರದು ಕೊಟ್ಟೀನಿ. ಮೂರು ಅರ್ಜಿ. ಉರ್ದುವಿನ್ಯಾಗ ಒಂದು, ಇಂಗ್ಲೀಷಿನ್ಯಾಗ ಎರಡು. ಇವನು ಗರೀಬ, ಇವನು ಬೇಗುನಾಹ್, ಇವನಿಗೆ ಓದು ಬರಹ ಇಲ್ಲ, ಎಲ್ಲಾ ಬರದೆ. ಅಂಥಾ ಅರ್ಜಿ ಯಾರೂ ಬರದಿರಾಕಿಲ್ಲ. ಓದಿದ ಕಾರಕೂನ ನನ್ನ ಅಕ್ಷರ ಹೊಗಳಿದ. ಎಲ್ಲಾ ಬರದೆ. ಬರೀಬೇಕಾದ್ದು ಎಲ್ಲಾ...

ಬೈಯಿ ಬೇಕಾದ್ರ. ಇಪ್ಪತ್ತು ವರ್ಷದ ದೋಸ್ತಿ, ಬೈಸಿಕೊಳ್ಳೋ ಹಕ್ಕರ ಅದ ನನಗ.

ಮುಗಸೋಣ ಇದನ್ನ. ಹೊತ್ತು ಇಳಿಯಾಕತ್ತದ, ಗಾಳಿ ನಿಂತದ ನೋಡು. ರಬ್ಬರ ಹಾಕು, ಎರಡೂ ಕೊಕ್ಕಿಗೆ. ಹಾಂ. ಆತು. ಪೂರಾ ಆತು ಸುಲ್ತಾನ, ನಡಿ ಬಯಲಿಗೆ...

ಏನು, ಪುಸ್ತಕದಾಗ ಏನು? ಯಾವ ಚಿತ್ರ? ಅದಾ? ಅದೇನಿಲ್ಲ. ಕಡೀ ಪುಟ, ಅದನ್ನ ಬಿಟ್ಟರೂ ನಡೀತದ. ರೆಕ್ಕಿ ಮ್ಯಾಲ ಏನು ಬರದದ ಅಂತ ಕೇಳ್ತಿಯೇನು? ಅದು... ಹೆಸರು. ಮಾಡಿದವನ ಹೆಸರು, ಊರು. ಕೈ ಬಿಟ್ಟ ಮ್ಯಾಲ ಎಲ್ಲಿ ಇಳೀತದೋ ಗೊತ್ತಿಲ್ಲಲ್ಲ, ಸಿಕ್ಕವರು ತಂದು ಕೊಡಲಿ ಅಂತ ಬರೀತಾರ. ಹಾರಸೋ ಮೊದಲು ಬರೀಬೇಕು ಅಂತ ನಿಯಮ ಅದ, ಹೌದು. ಗೋರಾ ಮಂದಿ ನಿಯಮ. ನಮಗ್ಯಾಕ?

ಬೇಕೇ ಬೇಕು? ಆತು, ಕೊಡು. ಪೆನ್ಸಿಲ್ ನನ್ನ ಹತ್ತರ ಅದ. ನಿನ್ನ ಹೆಸರ ಬರೀತೀನಿ, ನಿನ್ನ ಕೈಕೆಲಸ. ಕನ್ನಡದಾಗ ಬರೀಲಿ? ಈಗ ಸಾಲ್ಯಾಗೂ ಕನ್ನಡ ಬಂದದ, ಉರ್ದು ದಿನ ಮುಗದು ಹೋದ್ವು. ಸು, ಲ್ತಾ... ಯಾಕ? ಪೆನ್ಸಿಲ್ ಯಾಕ ಕಸಗೊಂಡಿ? ಚಿತ್ರ ಬರೀತಿಯೇನು? ನಿನಗೆಲ್ಲಿ ಅಕ್ಷರ ಬರತಾವ, ನಿನ್ನ ಅಂಗಡಿ ಫಲಕನೂ ನಾನೇ ಬರದು ಕೊಟ್ಟೀನಿ...

ಬಲಗಡಿಂದ ಸುರು ಮಾಡಿದಿ.

ಸುಲ್ತಾನ.

ಯಾವಾಗ ಕಲ್ತಿ? ಒಳಗ ಕಲ್ತಿಯೇನು? ಹೌದು ಅನ್ನು. ಜೇಲಿನಾಗ ಯಾರೋ ಕಲಿಸಿದ್ರು ಅನ್ನು. ... ಇಲ್ಲ. ಇದು ಹೊಸದಾಗಿ ಕಲ್ತವನ ಕೈ ಅಲ್ಲ. ಸಣ್ಣಾಂವ ಇದ್ದಾಗ ಕಲ್ತ ಕೈ. ಮೂವತ್ತು ವರ್ಷ ಅಕ್ಷರ ತಿದ್ದೀನಿ, ನನಗ ತಿಳಿಯಂಗಿಲ್ಲೇನು?

ಹಂಗಾದ್ರ ಅವತ್ತು ಚಾವಡ್ಯಾಗ...

ಮಸಿ ಹರಡಿದ್ದಿಲ್ಲ. ನಿನಗೂ ಕಾಣಸ್ತಿತ್ತು. ನನ್ನ ಬಾಜೂಕೇ ನಿಂತಿದ್ದಿ. ನಾ ಓದಾಕ ಬರಂಗಿಲ್ಲ ಅಂದಾಗ ನೀ ಓದಿ ಮುಗಿಸಿದ್ದಿ. ಅದಕ್ಕ ನನ್ನ ಮಾರಿ ನೋಡಿದಿ. ನಾನ ಹೇಳತೀನೇನೋ ಅಂತ ನೋಡಿದಿ.

ನಾಳೆ ಹೇಳೋಣ ಅಂತಿದ್ದೆ ಸುಲ್ತಾನ. ದೇವರಾಣಿ. ಆ ರಾತ್ರಿ ಅಂಗಿ ಹಾಕ್ಕೊಂಡೇ ಮಲಗಿದ್ದೆ, ಮುಂಜಾನೆದ್ದು ಚಾವಡಿಗೆ ಹೋಗಿ ಹೇಳೋಣ ಅಂತ. ಹೋಗಲಿಲ್ಲ. ಒಂದ ದಿನ ದಾಟಿತು. ಒಂದ ದಿನ ದಾಟಿದ ಮ್ಯಾಲ, ನಿನ್ನೆ ಯಾಕ ಹೇಳಲಿಲ್ಲ ಅಂತ ಕೇಳತಾರಲ್ಲ. ಹತ್ತು ದಿನ ದಾಟಿತು. ಆಮ್ಯಾಲ ಅರ್ಜಿ ಬರಿಯಾಕ ಕೂತೆ.

ಬರದಾತೇನು? ಕೊಡು ಇಲ್ಲಿ. ನಾ ಅವತ್ತು ಬರದ ಸಾಲು. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮಿ ಇಲ್ಲ. ಎರಡು ವರ್ಷದ ಮ್ಯಾಲಾತು... ಎಷ್ಟ ಸಲ ಅಂದುಕೊಂಡಿರಬೇಕು ನೀ ಇದನ್ನ.

ಬೆರಳು ಯಾಕ ಇಟ್ಟಿ? ಮೊದಲನೇ ಅಕ್ಷರದ ಕೆಳಗ... ಇದು ನಾ ಮಾಡೋ ಕೆಲಸಪಾ. ತಡವರಿಸೋ ಹುಡುಗರ ಪಾಟಿ ಮ್ಯಾಲ ನಾ ಹಿಂಗ ಬೆರಳಿಟ್ಟು ಕೂಡತಿದ್ದೆ, ಓದೋ ತನಕ ತಗೀತಿದ್ದಿಲ್ಲ. ಓದು ಅಂತೀ? ಆತು. ನಿನಗ ಕೇಳೋಹಂಗ ಓದತೀನಿ. 'ಇದು ಜಗದೇವಪ್ಪ ಮಾಸ್ತರನ ವಿಮಾನ. ಮುಕಾಂ ಶಹಾಪುರ. ಸಿಕ್ಕವರು ಮೆಹರಬಾನಿ ಮಾಡಿ ಮುಟ್ಟಸಬೇಕು.' ಆತೇನು?

ಓದಿದೆನಲ್ಲ ಸುಲ್ತಾನ. ಬೆರಳು ಮತ್ತ ಮೊದಲಿಗೆ ಯಾಕ ತಂದಿ? ಮನಿ ಒಳಗ ಯಾಕ ನೋಡ್ತಿ?

...

ಹಾಂ. ತಿಳೀತು.

ಚಮನಬೀ, ತಂಗಿ, ಆ ಗಂಟು ಅಲ್ಲೇ ಇಡು. ಜರಾ ಹೊರಗ ಬಾ. ಇಲ್ಲ, ನಿಂತ ಬ್ಯಾಡ, ಕುಂದರು. ನಿನಗ ಮೂರು ಅರ್ಜಿ ಬರದು ಕೊಟ್ಟಿದ್ದೆನಲ್ಲ, ಅದರಾಗ ಒಂದು ಸಾಲು ಬಿಟ್ಟಿತ್ತು. ಈಗ ಓದತೀನಿ ಕೇಳು. 'ಇದು... ಇದು ಜಗದೇವಪ್ಪ ಮಾಸ್ತರನ...'