ಮಾಳಿಗೆಯ ಉರುಳುಗಲ್ಲು

ತೋರಿಸು ಅಕ್ಕ, ಟಿಕೇಟು ತೋರಿಸು ಅವನಿಗೆ! ನಿನ್ನ ಅಂಗಳಕ್ಕೆ ನೀನೇ ಬರೋಕೆ ಟಿಕೇಟು... ಏನಪ್ಪಾ ಕಾವಲುಗಾರ, ಏನು ಹಾಗೆ ನೋಡ್ತೀಯ? ಈ ಉಮ್ಮುಹಾನ್ ಅಕ್ಕ ಇದೇ ಜಾಗದಲ್ಲಿ ನಲವತ್ತಾರು ವರ್ಷ ರೊಟ್ಟಿ ಸುಟ್ಟಿದ್ದಾಳೆ. ನೀನು ಬಂದು ಎಷ್ಟಾಯ್ತು? ಒಂದು ತಿಂಗಳಾ? ಸಂತೋಷ. ಬಾ ಅಕ್ಕ.

ನಿಧಾನ, ಮೆಟ್ಟಿಲು ಹೊಸದು. ನೋಡು, ಗ್ರೀಕರಿಗೆ ಎಂಥಾ ಮೆಟ್ಟಿಲು ಕಟ್ಟಿಸಿದ್ದಾರೆ! ಸತ್ತು ಎರಡು ಸಾವಿರ ವರ್ಷ ಆದವರಿಗೆ ಮೆಟ್ಟಿಲು, ದೀಪ, ಸಮುದ್ರದ ಕಡೆ ಮುಖ ಮಾಡಿದ ಬೆಂಚು. ಬದುಕಿರೋ ನಿನಗೆ? ಹೆದ್ದಾರಿಯಾಚೆ ನಾಲ್ಕನೇ ಮಹಡಿ! ಲಿಫ್ಟು ಬರುತ್ತಂತೆ... ಬರುತ್ತೆ, ಬರುತ್ತೆ. ಯಾಕೆ ನಗ್ತೀಯ? ನಗು ನಗು. ನಾಳೆ ಅಂತಾಲ್ಯದ ಕೋರ್ಟಲ್ಲಿ ಮಾತ್ರ ನಗಬೇಡ. ಊರಲ್ಲಿ ಇನ್ನೂ ಹದಿನಾಲ್ಕು ಮನೆ ನಿಂತಿವೆ. ಅವು ಉಳಿಯೋದು ನಿನ್ನ ಸಾಕ್ಷಿ ಮೇಲೆ. ಮಾತಾಡೋಕೆ ನಾನಿದ್ದೀನಿ. ನೀನು ನಿನ್ನ ಮನೆಗೆ ಏನಾಯ್ತು ಅಂತ ಹೇಳು, ಸಾಕು.

ನಡಿ, ನೋಡಿದ್ದಾಯ್ತಲ್ಲ. ಚಹಾ ಕುಡಿಯೋಣ.

ಏನು? ಆ ಕಲ್ಲಾ? ಅಯ್ಯೋ, ಅದನ್ನೇನು ನೋಡೋದು... ಸರಿ, ಬಾ. ಹಟಮಾರಿ!

ಹೂಂ, ಅದೇ. ನಿನ್ನ ಮಾಳಿಗೆಯ ಉರುಳುಗಲ್ಲೇ. ಸೊಂಟದೆತ್ತರದ ಗಾಜಿನ ಕಟಕಟೆಯಲ್ಲಿ ನಿಲ್ಲಿಸಿದ್ದಾರೆ, ಮದುಮಗನ ಥರ. ಮಳೆ ಬಿಟ್ಟ ಕೂಡಲೇ ಇಲ್ಯಾಸ್ ಭಾವ ಮಾಳಿಗೆ ಹತ್ತಿ, ಮಣ್ಣು ಗಟ್ಟಿಯಾಗಿ ಸೋರದ ಹಾಗೆ ಗಡಗಡ ಅಂತ ಇದನ್ನ ಉರುಳಿಸ್ತಿದ್ರಲ್ಲ... ಇಡೀ ಊರಿಗೆ ಕೇಳಿಸ್ತಿತ್ತು. ಮುಟ್ಟು ಅಕ್ಕ! 'ಮುಟ್ಟಬಾರದು' ಅಂತ ಬರೆದಿದ್ರೆ ಬರೆದಿರಲಿ. ಕಾವಲುಗಾರ ಕೂಗಿದ್ರೆ ನಾನು ನೋಡ್ಕೋತೀನಿ. ನಿನ್ನ ಕಲ್ಲು, ಮುಟ್ಟು!

ಫಲಕ ಓದಬೇಕಾ? ಎಲ್ಲಾನೂ? ಉದ್ದ ಇದೆ ಅಕ್ಕ... ಆಯ್ತು, ಆಯ್ತು, ಓದ್ತೀನಿ. ನನಗೂ ಯಾವ ಮೇಷ್ಟ್ರು ಕಲಿಸಿದ್ದು? ಟ್ರ್ಯಾಕ್ಟರ್ ಅಡಿ ಮಲಗಿ ನಾನೇ ಕಲಿತಿದ್ದು. ಕೇಳು. 'ಅಮೃತಶಿಲೆಯ ಕಂಬದ ತುಂಡು. ಹೆರ್ಮಿಯನ ಮಗ ಪಾಂಫಿಲ ಬಂದರಿಗೆ ಕೊಟ್ಟಿದ್ದು.' ಎಂಥಾ ಪುಣ್ಯಾತ್ಮ! ಒಂದು ಕಂಬ ಕೊಟ್ಟ, ಎರಡು ಸಾವಿರ ವರ್ಷ ಹೆಸರು ಉಳಿಸ್ಕೊಂಡ. 'ಸ್ಥಳೀಯ ಮನೆಯೊಂದರಲ್ಲಿ ಮರುಬಳಕೆಯಲ್ಲಿತ್ತು.' ಕೇಳಿದೆಯಾ? ನಿನ್ನ ಮದುವೆ, ಬಾಣಂತನ, ಭಾವನ ಸಾವು, ಅಷ್ಟೂ ಸೇರಿ ಒಂದೇ ಪದ. ಮರುಬಳಕೆ! ಪಾಂಫಿಲ ಇದ್ದ, ಆಮೇಲೆ ಯಾರೂ ಇರಲಿಲ್ಲ, ಆಮೇಲೆ ಈ ಅಗೆತದ ಪ್ರೊಫೆಸರ್ ಬಂದ.

ಕಲ್ಲಲ್ಲಿ ಅಕ್ಷರ ಇದೆ ಅಂದ್ರು, ಮಾಳಿಗೆ ಹತ್ತಿದ್ರು. ಆಮೇಲೆ ಗೋಡೆ ಕೆಡವಿದ್ರು, ಆಮೇಲೆ ನೆಲ ಅಗೆದ್ರು. ಮಾಳಿಗೆ ಮೇಲೆ ಬಿದ್ದಿರೋ ಕಲ್ಲಲ್ಲಿ ಅಕ್ಷರ ಇದೆ ಅಂತ ಅವರಿಗೆ ಹೇಳಿದ್ಯಾರು? ಎರಡು ವರ್ಷದಿಂದ ಚಹಾ ಅಂಗಡಿಯಲ್ಲಿ ಮೇಜು ಗುದ್ದಿ ಕೇಳ್ತಿದ್ದೀನಿ. ನಮ್ಮೊಳಗೇ ಯಾವನೋ ಬಾಲಬಡುಕ ಇದ್ದಾನೆ ಅಂತ... ಸಿಗಲಿ ಅವನು!

ಮುಗೀತು. ಅಷ್ಟೇ. ನಡಿ.

ಎಲ್ಲಿ? ಕೆಳಗಾ? ಆ ಕೊನೇ ಸಾಲಾ? ಅದು... ಫಲಕ ಮಾಡಿದ ಅಂಗಡಿಯ ಹೆಸರು ಅಕ್ಕ. ವಿಳಾಸ, ಫೋನು, ಅಂಥದ್ದು. ಬಿಸಿಲು ಏರ್ತಿದೆ, ನಿನ್ನ ಮಂಡಿ ಬೇರೆ...

ಯಾಕೆ ಹಾಗೆ ನೋಡ್ತೀಯ? ನಿನಗೆ ಓದೋಕೆ ಬರಲ್ಲ. ಬರಲ್ಲ ತಾನೇ? ಎಲ್ಲಾ ಅರ್ಜಿಗೂ ನೀನು ಹೆಬ್ಬೆಟ್ಟೇ ಒತ್ತಿದ್ದೀಯಲ್ಲ. ಹದಿನೇಳು ಅರ್ಜಿ. ಮೊದಲು ನಾನು ನನ್ನ ಹೆಸರು ದಪ್ಪ ಅಕ್ಷರದಲ್ಲಿ ಬರೆದು, 'ಇಲ್ಲಿ ಅಕ್ಕ, ಇದರ ಪಕ್ಕ' ಅಂತ ತೋರಿಸ್ತಿದ್ದೆ... ನೀನು ಇದರ ಪಕ್ಕ...

ಅಲ್ಲಿ ಯಾಕೆ ಹೆಬ್ಬೆರಳು ಇಡ್ತೀಯ? ಅಕ್ಕ. ನನ್ನ ಹೆಸರಿನ ಪಕ್ಕ ಯಾಕೆ...

ಏನಾದ್ರೂ ಅನ್ನು.

ಆ ಪ್ರೊಫೆಸರ್ ನನ್ನ ಗ್ಯಾರೇಜಿಗೆ ಬಂದಿದ್ದ, ಜೀಪು ರಿಪೇರಿಗೆ. ಆ ಹಳೇ ಗ್ರೀಕ್ ಅಕ್ಷರ ನಾನೇ ಪುಸ್ತಕ ನೋಡಿ ಕಲಿತಿದ್ದೆನಲ್ಲ... ಗೋಡೆಯಲ್ಲಿದ್ದ ಒಂದು ಕಲ್ಲಿನ ಮೇಲಿಂದು ಓದಿ ತೋರಿಸಿದೆ. ಕುರ್ಚಿಯಿಂದ ಎದ್ದು ನಿಂತ ಅಕ್ಕ! 'ನಜ್ಮಿ ಬೇ' ಅಂದ. ಬೇ, ಸಾಹೇಬ್ರು ಅನ್ನೋ ಹಾಗೆ! ಹುಟ್ಟಿದಾಗಿನಿಂದ ನನಗೆ ಯಾರಾದ್ರೂ ಬೇ ಅಂದಿದ್ದಾರಾ? 'ಇಂಥದ್ದು ಇನ್ನೆಲ್ಲಾದ್ರೂ ಇದೆಯಾ' ಅಂತ ಕೇಳಿದ. ನೀನು ಮೇಕೆ ಹೊಡ್ಕೊಂಡು ಗುಡ್ಡಕ್ಕೆ ಹೋಗಿದ್ದೆ... ನಾನೇ ಏಣಿ ಹಾಕಿದೆ. ಕಲ್ಲು ಮಾತ್ರ ಒಯ್ತಾರೆ ಅಂದ್ಕೊಂಡೆ. ಬದಲಿಗೆ ಸಿಮೆಂಟಿಂದು ಒಂದು ಮಾಡಿಸಿ ಕೊಡೋಣ ಅಂತಿದ್ದೆ, ನಾನೇ...

ಬೈಯಿ. ಉಗಿ. ನಾಳೆ ಬರಲ್ಲ ಅನ್ನು, ಬರ್ತೀನಿ ಅನ್ನು, ಏನಾದ್ರೂ ಒಂದು ಅನ್ನು! ಆ ಹದಿನಾಲ್ಕು ಮನೆಯವರು ಏನು ತಪ್ಪು ಮಾಡಿದ್ರು...

ಬೆರಳು ತೆಗಿ ಅಕ್ಕ. ಕಾವಲುಗಾರ ಈ ಕಡೇನೇ ಬರ್ತಿದ್ದಾನೆ. ತೆಗಿ... ಮುಟ್ಟಬಾರದು ಅಂತ ಬರೆದಿದೆ.