ಚಾಚಿದ ಕೈ

ದಂಡ ಕಟ್ಟುವ ಸಾಲಿನಲ್ಲಿ ಬಡಗಿಯ ಮುಂದೆ ಅಣ್ಣ ತಂಗಿ ನಿಂತಿದ್ದರು. ತಂಗಿಯ ಕೈಯಲ್ಲಿದ್ದ ನೋಟಿಸಿನಲ್ಲಿ, ಹಿಂದಿನಿಂದ ತೆಗೆದ ಫೋಟೋದಲ್ಲಿ ಒಂದು ಸ್ಕೂಟರು ಕೆಂಪು ದೀಪ ದಾಟುತ್ತಿತ್ತು. ಬಡಗಿಗೆ ಬೇಡವೆಂದರೂ ಕಿವಿ ಅತ್ತಲೇ ಹೋಯಿತು.

“ಓಡಿಸ್ತಿರೋದು ಯಾರಣ್ಣ?”

“ನಾನೇ ಕಣೇ. ದೀಪ ಗಮನಿಸಲಿಲ್ಲ.”

“ಬಲಗೈ ಯಾಕೆ ಚಾಚಿದೀಯ?”

“ತಿರುಗ್ತೀನಿ ಅಂತ.”

“ಇಂಡಿಕೇಟರ್ ಇದ್ರೂ ಕೈ ಚಾಚಿ ತಿರುಗೋರು ನಮ್ಮನೇಲಿ ಅಪ್ಪ ಒಬ್ಬರೇ.”

ಅಣ್ಣ ಮುಂದಿನವರ ಬೆನ್ನು ನೋಡತೊಡಗಿದ.

“ಅಪ್ಪನ ಕಣ್ಣಿಗೆ ಕೆಂಪು ಹಸಿರು ಎರಡೂ ಒಂದೇ, ಗಾಡಿ ಮುಟ್ಟಿಸಬೇಡಿ ಅಂತ ಡಾಕ್ಟ್ರು ಹೇಳಿದಾರೆ. ನಿನ್ನನ್ನ ನಂಬಿ ಬೀಗದಕೈ ಕೊಟ್ಟಿದ್ದೆ.”

“ಮೂಲೆ ಅಂಗಡಿ ತನಕ ಅಂದ್ರು. ಮಕ್ಕಳ ಥರ ಗೋಗರೆದ್ರು ಕಣೇ.”

“ಈ ಸಿಗ್ನಲ್ಲು ಮೂಲೆ ಅಂಗಡಿ ಹತ್ರ ಇದೆಯಾ?”

“ಅಷ್ಟು ದೂರ ಹೋಗ್ತಾರೆ ಅಂತ ನನಗೇನು ಗೊತ್ತು?”

“ಎಷ್ಟು ಸಲ ಕೊಟ್ಟಿದೀಯ?”

“ಇದೊಂದೇ ಸಲ. ನಿನ್ನಾಣೆ.”

ಅಷ್ಟರಲ್ಲಿ ಅವರ ಸರದಿ ಬಂತು. ಕೌಂಟರಿನವಳು ಗಾಡಿಯ ನಂಬರು ಒತ್ತಿ, ತಲೆಯೆತ್ತದೆ ಕೇಳಿದಳು:

“ಇದೊಂದೇನಾ, ಮೂರೂ ಕಟ್ತೀರಾ?”

“ಮೂರೂ” ಎಂದಳು ತಂಗಿ. ಆಮೇಲೆ ಅಣ್ಣನ ಕಡೆ ಕೈ ಚಾಚಿದಳು. ಅವನು ಜೇಬಿನಿಂದ ಬೀಗದಕೈ ತೆಗೆದು ಕೊಟ್ಟ.

ರಸೀದಿ ಹಿಡಿದು ಇಬ್ಬರೂ ಬಾಗಿಲ ಹತ್ತಿರ ಹೋದಾಗ ಬಡಗಿಗೆ ತಂಗಿಯ ಇನ್ನೊಂದು ಮಾತು ಕೇಳಿಸಿತು.

“ಇದು ನಾನು ಕೊಟ್ಟಿದ್ದು. ನೀನು ನಕಲು ಮಾಡಿಸಿಕೊಂಡಿರೋದು ಎಲ್ಲಿ?”