ಪಂಕ್ತಿಯಲ್ಲಿ ರಂಜನಿಯ ಗುಳಿಗೆ

ಅಧ್ಯಕ್ಷ ಪೀಠದಲ್ಲಿರುವ, ನಮಗೆಲ್ಲ ಲಿಂಗ ಕಟ್ಟಿದ ಕರಿಬಸಯ್ಯನವರೇ, ಗದ್ವಾಲದ ಅತಿಥಿಗಳೇ, ಅಡುಗೆಯ ಘಮಕ್ಕೆ ಆಗಲೇ ಚಡಪಡಿಸುತ್ತಿರುವ ಮಕ್ತಲ್ ಸಮಾಜದ ಸಭಿಕರೇ,

ಗದ್ವಾಲದ ಓಟದಲ್ಲಿ ಮೊದಲು ಬಂದಳೆಂದು ನನ್ನ ಮೊಮ್ಮಗಳು ಶಿವರಂಜನಿಗೆ ಶಾಲು ಹೊದಿಸಿದಿರಿ. ಸಂತೋಷ! ಎರಡು ಮಾತಾಡಿ ಎಂದು ಈ ನಾಗಪ್ಪನ ಕೈಗೂ ಮೈಕು ಕೊಟ್ಟಿರಿ. ಶೇಂಗಾ ವ್ಯಾಪಾರಿಗೆ ಮೈಕು ಕೊಟ್ಟ ತಪ್ಪು ನಿಮ್ಮದು!

ಈ ಹುಡುಗಿ ಓಡುತ್ತಾಳೆಂದು ಯಾರು ನಂಬಿದ್ದರು? ಚಿಕ್ಕವಳಿದ್ದಾಗ ಎಷ್ಟು ಉಂಡರೂ ಮೈಗೆ ಹತ್ತುತ್ತಿರಲಿಲ್ಲ. ಹೊಟ್ಟೆ ಉಬ್ಬರ, ಕೈಕಾಲು ಕಡ್ಡಿ. ಮುದ್ದಿಟ್ಟರೆ ತುಟಿಗೆ ಉಪ್ಪು ಹತ್ತುತ್ತಿತ್ತು. ಮಲದಲ್ಲಿ ಜಿಡ್ಡು ಕಂಡು ನನ್ನ ಮನೆಯಾಕೆ ಮಹಾಂತಮ್ಮ ತುಪ್ಪವನ್ನೇ ನಿಲ್ಲಿಸಿದಳು. ಕೂಸು ಇನ್ನೂ ಸೊರಗಿತು.

ಹೈದರಾಬಾದಿನ ಡಾಕ್ಟರಮ್ಮ ರೋಗದ ಹೆಸರು ಹೇಳಿದರು: ಸಿಸ್ಟಿಕ್ ಫೈಬ್ರೋಸಿಸ್. ಹುಟ್ಟಿನಿಂದಲೇ ಬಂದದ್ದು. ಉಂಡದ್ದನ್ನು ಕರಗಿಸುವ ರಸ ಕರುಳಿಗೆ ಇಳಿಯುವ ದಾರಿ ಅಂಟಿನಿಂದ ಕಟ್ಟಿಕೊಂಡಿದೆಯಂತೆ. ತುಪ್ಪ ಬಿಡಿಸಬೇಡಿ, ಇನ್ನೂ ಹಾಕಿ, ಆದರೆ ಪ್ರತಿ ಊಟಕ್ಕೂ ಈ ಗುಳಿಗೆ ನುಂಗಿಸಿ ಎಂದರು. ಆಮೇಲೆ ಮೆಲ್ಲಗೆ, "ಇದನ್ನ ಹಂದಿಯಿಂದ ತೆಗೀತಾರ್ರೀ" ಅಂದರು.

ಅಯ್ಯೋ, ಬಾಯಿ ಬಿಟ್ಟೆ! ಮುಂದಿನ ಸಾಲಿನಿಂದ ಮಹಾಂತಮ್ಮ ಕಣ್ಣು ಕೆಂಪು ಮಾಡುತ್ತಿದ್ದಾಳೆ. ಇಷ್ಟು ವರ್ಷ ನಮ್ಮ ಮನೆಯೊಳಗೇ ಬಚ್ಚಿಟ್ಟ ಮಾತು. ಇರಲಿ, ಹೇಳಿಯೇ ಬಿಡುತ್ತೇನೆ.

ಮೊಟ್ಟೆಯೂ ಹೊಸ್ತಿಲು ದಾಟದ ಮನೆ ನಮ್ಮದು. ಗುಳಿಗೆಯ ಡಬ್ಬಿ ಹಿಡಿದು ನಾನು ಅಂಗಳದಲ್ಲೇ ನಿಂತೆ. ಮಹಾಂತಮ್ಮ ಲಿಂಗಪೂಜೆ ಮುಗಿಸಿ ಬಂದು ಡಬ್ಬಿ ಕಸಿದುಕೊಂಡಳು. "ಹೊರಗ ಯಾಕ ನಿಂತೀರಿ? ಕೂಸಿನ ಹೊಟ್ಟ್ಯಾಗ ಅನ್ನ ನಿಲ್ಲಸ್ತೈತಿ ಅಂದ್ರ ಇದೂ ಪ್ರಸಾದನ ಐತಿ" ಎಂದು ಅದಕ್ಕೆ ವಿಭೂತಿ ಹಚ್ಚಿ ದೇವರ ಜಗಲಿಯ ಮೇಲಿಟ್ಟಳು. ತುಪ್ಪ ಮರಳಿ ಬಂತು. ಕೂಸಿನ ಕೆನ್ನೆ ತುಂಬಿತು!

ಆದರೆ ನಿಮ್ಮ ಮದುವೆ ಮನೆಗಳ ಪಂಕ್ತಿಯಲ್ಲಿ ಅವಳು ಅಜ್ಜಿಯ ಸೆರಗಿನ ಮರೆಯಲ್ಲಿ ಗುಳಿಗೆ ನುಂಗುತ್ತಿದ್ದಳು. ಮೊನ್ನೆ ಕೇಳಿದಳು: "ತಾತ, ನಾ ಏನರ ಕದ್ದೀನೇನು?" ಹೇಳಿ, ನಾನು ಏನನ್ನಬೇಕಿತ್ತು?

ಇವತ್ತು ಅವಳು ಎಲ್ಲರ ನಡುವೆ ಕೂತು, ಎಲ್ಲರೆದುರು ನುಂಗುತ್ತಾಳೆ. ಬೇಡವೆನ್ನುವವರು ಈಗಲೇ ಹೇಳಲಿ. ಯಾರೂ ಇಲ್ಲವೇ? ಅಧ್ಯಕ್ಷರೇ, ನೀವೇಕೆ ಎದ್ದಿರಿ? ಸಿಟ್ಟೇ? ಅಯ್ಯನವರೇ...

ನೋಡಿ, ನೋಡಿ! ರಂಜನಿಯ ಕೈ ಹಿಡಿದು ಪಂಕ್ತಿಗೆ ಕರೆದೊಯ್ದರು! ಪಕ್ಕದಲ್ಲೇ ಕೂತರು! ರಂಜನಿ, ಆಗಲೇ ನುಂಗಿಬಿಟ್ಟೆಯಾ? ಬಡಿಸುವವರೇ, ಓಡಿ! ಗುಳಿಗೆ ಇಳಿದ ಮೇಲೆ ಊಟ ತಡವಾಗಬಾರದು. ತುಪ್ಪ ಧಾರಾಳವಾಗಿ ಬೀಳಲಿ. ಎಲ್ಲರಿಗೂ ಕೈಮುಗಿದು ಕೃತಜ್ಞತೆ. ನಮಸ್ಕಾರ.